ಒಣ ಕಡೆ ಇಳಿಸು ಅಂದವನು ನಾನೇ

ಕೆರೆಯಾಚೆಯ ರೂಟಿನ ಸಾರಥಿ, ಚಿರಂಜೀವಿ ಶಿವಾನಿಗೆ,

ನಾಗಸಂದ್ರದ ಗೋಡೌನಿನಲ್ಲಿ, ಪಾರ್ಸೆಲ್ ಮೂಟೆಗಳ ಸಿಂಹಾಸನದ ಮೇಲೆ ಕುಳಿತು ಮುನಿವೆಂಕಟಯ್ಯ ಬರೆಯುವುದು. ನಾಲ್ಕು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತದಿರುವುದೇ ಸರಿ. ಫೋನಿನಲ್ಲಿ ನಾನು ಹೇಳಿದ್ದನ್ನು ಕೇಳಿಯೇ ನೀನು ಕೆಟ್ಟದ್ದು. ಅದಕ್ಕೇ ಈ ಕಾಗದ. ಆರ್.ಟಿ. ನಗರದ ಕಡೆ ಗಾಡಿ ಓಡಿಸುವ ನಮ್ಮ ನದೀಮ್ ಕೈಯಲ್ಲಿ ಕಳಿಸುತ್ತಿದ್ದೇನೆ. ಸಹಿ ಹಾಕಿಸಿಕೊಳ್ಳದೆ ವಾಪಸ್ ಬರಬೇಡ ಎಂದು ತಾಕೀತು ಮಾಡಿದ್ದೇನೆ.

ಆ ಸೋಮವಾರವನ್ನು ಮೊದಲಿಂದ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನೀನು ನೋಡದ ಅಂಕಗಳೂ ಇವೆ. ಎರಡು ದಿನ ಬಿಡದೆ ಸುರಿದು ಮಳೆರಾಯ ಪರದೆ ಎಳೆದುಕೊಂಡ ಬೆಳಿಗ್ಗೆ ಅದು. ಹಳ್ಳಿ ರೂಟಿನಲ್ಲಿ ನಿನಗೆ ಮೊದಲನೇ ವಾರ. ಚಿಕ್ಕಬಾಣಾವರ ದಾಟಿ, ಹೆಸರಘಟ್ಟ ರಸ್ತೆಯಿಂದ ಕೆರೆಯ ಪಕ್ಕದ ಮಣ್ಣು ದಾರಿಗೆ ತಿರುಗಿದೆ. ದಾರಿಯ ಎಡಭಾಗ ಪೂರ್ತಿ ನೀರು, ಬಲಭಾಗ ಒಣಗಿ ಮಟ್ಟಸವಾಗಿತ್ತು. ನೀನು ಗಾಡಿ ನಿಲ್ಲಿಸಿ ಇಳಿದೆ. ಇಳಿದು ನನಗೆ ಫೋನ್ ಮಾಡಿದೆ.

"ಅಣ್ಣಾ, ಬಲಗಡೆ ಒಣಗಿದೆ, ಆದ್ರೆ ಕಾಲಿಟ್ರೆ ಮೆತ್ತಗೆ ಇಳೀತಿದೆ. ಎಡಗಡೆ ನೀರಲ್ಲೇ ಹೋಗ್ಲಾ?"

ನಾನು ಆಗ ಗೋಡೌನಿನ ಎದುರಿನ ಹೋಟೆಲಿನಲ್ಲಿ ಖಾಲಿ ದೋಸೆಯ ಜೊತೆ ಯುದ್ಧದಲ್ಲಿದ್ದೆ. "ಹನ್ನೊಂದು ವರ್ಷದಿಂದ ನಾನು ಓಡ್ಸಿರೋ ರೋಡು ಕಣಮ್ಮಾ ಅದು. ನೀರಿನ ಕಡೆ ಹೋಗ್ಬೇಡ. ಒಣ ಕಡೆ ಇಳಿಸು, ಧೈರ್ಯವಾಗಿ ಇಳಿಸು" ಎಂದು ಘರ್ಜಿಸಿದೆ.

ಶಿವಾನಿ, ಇದು ಎಂಥ ತಪ್ಪು ಗೊತ್ತೇ? ಹಳ್ಳಿ ರೂಟಿಗೆ ಬರುವ ಪ್ರತಿಯೊಬ್ಬರಿಗೂ ನಾನೇ ಪಾಠ ಹೇಳುತ್ತೇನೆ: ನೀರು ನಿಂತಿದೆ ಎಂದರೆ ಅಡಿಯಲ್ಲಿ ನೆಲ ಗಟ್ಟಿ, ನೀರನ್ನು ಕುಡಿದು ಸಾಧುವಿನಂತೆ ಒಣಗಿ ಕೂತ ಹೊಸ ಮಣ್ಣನ್ನು ನಂಬಬೇಡಿ. ಮಳೆಗೆ ಎರಡು ದಿನ ಮೊದಲು ಆ ಬಲಭಾಗವನ್ನು ಅಗೆದು, ನೀರಿನ ಪೈಪು ಹಾಕಿ, ಮಣ್ಣು ಎಳೆದು ಹೋಗಿದ್ದರಂತೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ಒಂದು ಪದ ನನ್ನ ಬಾಯಿಗೆ ಬರಲಿಲ್ಲ, ಅಷ್ಟೆ. ನಿನ್ನ ಕಾಲು ನಿಜ ಹೇಳುತ್ತಿತ್ತು, ನೀನು ನನ್ನ ಮಾತು ಕೇಳಿದೆ. ಗಾಡಿ ಆಕ್ಸಲ್ಲಿನವರೆಗೆ ಹೂತು ಹೋಯಿತು.

ಸಂಜೆ ಟ್ರಾಕ್ಟರಿನ ಹಿಂದೆ ಕಟ್ಟಿಸಿಕೊಂಡು ಬಂದ ಗಾಡಿಯ ಮುಂದೆ ನಮ್ಮ ಸೂಪರ್‌ವೈಸರ್ ನಂದಕುಮಾರ್ ದರ್ಬಾರು ನಡೆಸಿದ. "ನೀರು ಬಿಟ್ಟು ಹೊಸ ಮಣ್ಣಿಗೆ ಇಳಿಸ್ತಾರಾ ಯಾರಾದ್ರೂ? ಸಿಟಿ ಡ್ರೈವರ್‌ಗೆ ಹಳ್ಳಿ ರೂಟ್ ಕೊಟ್ಟಿದ್ದು ನನ್ನ ತಪ್ಪು" ಎಂದ. ಹದಿನಾಲ್ಕು ಜನ ಡ್ರೈವರುಗಳು ಸುತ್ತ ನಿಂತಿದ್ದರು. ನೀನು ನನ್ನ ಕಡೆ ಒಮ್ಮೆ ನೋಡಿದೆ. ಹೆಸರು ಹೇಳಲಿಲ್ಲ. ಕೀಲಿ ಮೇಜಿನ ಮೇಲಿಟ್ಟು ಬಸ್ಸಿಗೆ ಹೋದೆ.

ಹುಣಸಮಾರನಹಳ್ಳಿಯಲ್ಲಿ ನಮ್ಮಪ್ಪ ನಾಟಕ ಆಡಿಸುತ್ತಿದ್ದರು. ರಂಗದ ಪರದೆಯ ಹಿಂದೆಯೇ ನಿದ್ದೆ ಮಾಡಿ ಬೆಳೆದವನು ನಾನು. ತುಂಬಿದ ಸಭೆಯಲ್ಲಿ ಅನ್ಯಾಯ ನಡೆಯುವಾಗ ಹಿರಿಯರೆಲ್ಲ ನೆಲ ನೋಡುವ ದೃಶ್ಯ ಎಷ್ಟು ಸಲ ನೋಡಿದ್ದೇನೋ. ಪ್ರತಿ ಸಲವೂ, ಆ ಜಾಗದಲ್ಲಿ ನಾನಿದ್ದಿದ್ದರೆ ಎಂದು ಹಲ್ಲು ಕಡಿದಿದ್ದೆ. ನನ್ನ ಪಾಳಿ ಬಂತು. ಹನ್ನೊಂದು ವರ್ಷ ಒಂದು ಗೀರೂ ಬೀಳದ ನನ್ನ ಹೆಸರು ನೆನಪಾಯಿತು. ನಾನೂ ನೆಲ ನೋಡಿದೆ.

ಮಾರನೆಯ ದಿನ ನಿನ್ನ ರೂಟಿಗೆ ನನ್ನನ್ನೇ ಅಟ್ಟಿದರು. ಕೆರೆಯಾಚೆ ಮೊದಲ ಮನೆ ಗೋಪಾಲಮ್ಮನದು. ಬಾಗಿಲಲ್ಲಿ ನಿಂತು ಹೆಸರು ಕೂಗಿದೆನೋ ಇಲ್ಲವೋ, ಆಕೆ ಸೊಂಟದ ಮೇಲೆ ಕೈಯಿಟ್ಟು ಹೊರಬಂದಳು.

"ಓ, ಈ ಗಂಟ್ಲು ನಿಂದೇನಾ? ನೆನ್ನೆ ಆ ಹುಡ್ಗಿ ಫೋನ್ನಾಗಿಂದ ಬಡ್ಕೊಂತಿದ್ದೋನು ನೀನೇ ಅಲ್ವಾ? ಒಣ ಕಡೆ ಇಳ್ಸು ಒಣ ಕಡೆ ಇಳ್ಸು ಅಂತ? ನನ್ನ ಅಸಾನೂ ಬೆದರ್ಬಿಡ್ತು."

ನೀನು ಫೋನನ್ನು ಸ್ಪೀಕರಿಗೆ ಹಾಕಿದ್ದೆಯಂತೆ. ಗೋಪಾಲಮ್ಮ ಬದುವಿನ ಮೇಲೆ ಹಸು ಮೇಯಿಸುತ್ತಿದ್ದಳಂತೆ. ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವ ಧ್ವನಿ ಎಂದು ನಾನು ಮೆರೆದದ್ದು ನನ್ನ ವಿರುದ್ಧವೇ ಸಾಕ್ಷಿಯಾಗಿ ಬಂದು ನಿಂತಿತು. ಅಷ್ಟಕ್ಕೆ ಬಿಡಲಿಲ್ಲ ಆಕೆ. ಗಾಡಿ ಹೂತ ಮೇಲೆ ನೀನು ಇಪ್ಪತ್ತೇಳು ಪಾರ್ಸೆಲ್ಲುಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು, ಮೊಣಕಾಲುದ್ದ ಕೆಸರಿನಲ್ಲಿ ನಡೆದು, ಆಕೆಯ ಕೊಟ್ಟಿಗೆಯ ಅಟ್ಟದ ಮೇಲೆ ಜೋಡಿಸಿದ್ದನ್ನು ತೋರಿಸಿದಳು. ಒಂದರ ಮೂಲೆಯೂ ಒದ್ದೆಯಾಗಿರಲಿಲ್ಲ. ಆಫೀಸಿನಲ್ಲಿ ಇದನ್ನು ಯಾರೂ ಕೇಳಲಿಲ್ಲ, ನೀನೂ ಹೇಳಲಿಲ್ಲ.

"ಆ ಮಗಾಗೆ ಬೈದ್ರಾ?" ಎಂದಳು. ತಲೆಯಾಡಿಸಿದೆ. "ನೀನೇ ಏಳಿದ್ದು ಅಂತ ಒಪ್ಕೊಂಡ್ಯಾ?" ನಾನು ಪಾರ್ಸೆಲ್ಲುಗಳನ್ನು ಎಣಿಸತೊಡಗಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊರಿಗೆಲ್ಲ ಕೇಳ್ಸೋ ಗಂಟ್ಲು, ಆಪೀಸ್ನಾಗೆ ಯಾಕಪ್ಪಾ ಕಟ್ಕೊಂತು?" ಎಂದು ಕೇಳಿ, ಹಸುವಿಗೆ ಹುಲ್ಲು ಹಾಕಲು ಹೋದಳು. ನಮ್ಮಪ್ಪನ ನಾಟಕ ಕಂಪನಿಯಲ್ಲಿ ಇಂಥ ಸಂಭಾಷಣೆ ಬರೆಯುವವರು ಒಬ್ಬರೂ ಇರಲಿಲ್ಲ.

ಇಪ್ಪತ್ತೇಳನ್ನೂ ಹಂಚಿ ಮುಗಿಸಿದೆ. ಸಂಜೆ ಎಲ್ಲ ಡ್ರೈವರುಗಳೂ ಕೀಲಿ ಒಪ್ಪಿಸಲು ಸೇರುವ ಹೊತ್ತಿಗೆ, ಹಿಂದಿನ ದಿನ ನೀನು ನಿಂತಿದ್ದ ಜಾಗದಲ್ಲೇ ನಿಂತೆ. ಒಣ ಕಡೆ ಇಳಿಸು ಅಂದವನು ನಾನು, ಮಣ್ಣು ಮೆತ್ತಗಿದೆ ಎಂದದ್ದು ಶಿವಾನಿ, ಇಪ್ಪತ್ತೇಳು ಪಾರ್ಸೆಲ್ ಉಳಿಸಿದವಳೂ ಅವಳೇ ಎಂದು ಸಾರಿದೆ. ಎದುರಿನ ಹೋಟೆಲಿನ ಸರ್ವರುಗಳೂ ಹೊರಗೆ ಬಂದು ನಿಂತರು. ನಂದಕುಮಾರ್ ಕಿವಿಯಿಂದ ಪೆನ್ನು ತೆಗೆದು, "ಕೇಳಿಸ್ತು ಗುರು, ನಾನು ಎರಡಡಿ ದೂರದಲ್ಲೇ ಇದೀನಿ" ಎಂದ. ಆಮೇಲೆ ಡ್ಯಾಮೇಜ್ ಪುಸ್ತಕ ತೆಗೆದು ನಿನ್ನ ಹೆಸರು ಹೊಡೆದು ನನ್ನದು ಬರೆದ. ಒಂದು ತಿಂಗಳು ನನಗೆ ಗಾಡಿ ಇಲ್ಲ. ಮೂಟೆ ಇಳಿಸುವುದು, ಏರಿಸುವುದು. ಸೊಂಟ ಈಗಲೇ ರಾಗ ತೆಗೆದಿದೆ. ಮನಸ್ಸು ಮಾತ್ರ ಹಗುರವಾಗಿದೆ.

ನಂದಕುಮಾರ್ ನಿನಗೆ ತಾನೇ ಫೋನ್ ಮಾಡುತ್ತೇನೆ ಎಂದಿದ್ದಾನೆ. ಬೈದಷ್ಟೇ ಜೋರಾಗಿ, ಎಲ್ಲರ ಮುಂದೆ ತಪ್ಪಾಯಿತು ಅನ್ನಬೇಕು ಎಂದು ಕೇಳು, ಬಿಡಬೇಡ. ಕೆರೆಯಾಚೆಯ ರೂಟಿಗೆ ಇನ್ನೂ ಯಾರನ್ನೂ ಕಾಯಂ ಆಗಿ ಹಾಕಿಲ್ಲ. ನೀನು ಬಂದರೆ ಬೆಳಿಗ್ಗೆ ನಿನ್ನ ಗಾಡಿಗೆ ಲೋಡು ಮಾಡುವವನು ನಾನೇ. ಬರದಿದ್ದರೂ ನಿನ್ನ ಮೇಲೆ ಯಾವ ಕಳಂಕವೂ ಉಳಿದಿಲ್ಲ. ಎಲ್ಲಿಗೆ ಹೋದರೂ ತಲೆಯೆತ್ತಿ ಹೋಗು.

ಒಂದೇ ಮಾತು. ಇನ್ನು ಮುಂದೆ ಎಂಥ ದಾರಿಯಲ್ಲಿ, ಎಂಥ ಹಿರಿಯ, ಎಷ್ಟೇ ಜೋರಾಗಿ ಹೇಳಲಿ, ನೀನು ಮೊದಲು ಇಳಿದು ಕಾಲೂರಿ ನೋಡು. ಕಾಲು ಬೇಡವೆಂದರೆ ಹಿರಿಯನ ಫೋನ್ ಕಟ್ ಮಾಡು. ಆ ಹಿರಿಯ ನಾನಾಗಿದ್ದರೆ ಇನ್ನೂ ಬೇಗ ಕಟ್ ಮಾಡು.

ನಿನ್ನ ಚಕ್ರಗಳ ಕೆಳಗೆ ನೆಲ ಸದಾ ಗಟ್ಟಿಯಾಗಿರಲಿ ಎಂದು ಹರಸುವ,
ಮೂಟೆ ಹೊರುವ ನಿನ್ನ ಅಣ್ಣ,
ಮುನಿವೆಂಕಟಯ್ಯ