ದೇವು ಇದ್ದ ಹಡಗು

ಫೆಬ್ರವರಿ 26

ಬೆಳಗಿನ ಹಾರಾಟ ಮುಗಿಸಿ ಬಂದೆ. ರೇಡಾರ್‌ನಲ್ಲಿ ಅವೇ ಟ್ರಾಲರ್‌ಗಳು, ಅವೇ ಟ್ಯಾಂಕರ್‌ಗಳು. ಕಣ್ಣುರಿ. ಮೆಸ್‌ನಲ್ಲಿ ಪೂರಿ ತಣ್ಣಗಾಗಿತ್ತು, ತಿಂದೆ.

ಸಂಜೆ ಸಾಂಕೋಲೆಗೆ, ಮನೆಗೆ. ದಾಬೋಳಿಯ ನೌಕಾಪಡೆಯ ಬೇಸ್‌ನಿಂದ ಸ್ಕೂಟರಿನಲ್ಲಿ ಎಷ್ಟು ದೂರ... ಆದರೂ ಹೋಗಿ ತಿಂಗಳ ಮೇಲಾಗಿತ್ತು. ಅಪ್ಪನ ಕೆಮ್ಮು ಹಾಗೇ ಇದೆ. ಬಂದರಿನಲ್ಲಿ ಕಲ್ಲಿದ್ದಲು ಇಳಿಸಿದ ಎದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಮ್ಮ ದೇವು ವಿಡಿಯೋ ಕಾಲ್ ಮಾಡಿದ. ಸರಕಿನ ಹಡಗು, ಡೆಕ್ಕಿನ ಕೆಲಸ. ಈಗ ಕೊಲ್ಲಿಯ ಕಡೆ ಹೊರಟಿದೆಯಂತೆ.

"ಅಕ್ಕಾ, ಅಲ್ಲಿ ಲಡಾಯಿ ಆಗ್ತೈತಂತ. ಖರೇ ಏನ?"

"ಟಿವ್ಯಾಗ ನೋಡಿದಷ್ಟ ನನಗೂ ಗೊತ್ತಪಾ. ಲೈಫ್ ಜಾಕೆಟ್ ಹತ್ರನ ಇಟ್ಕೊ."

ನಕ್ಕ. ಫೋನು ಅವ್ವನಿಗೆ ಕೊಟ್ಟೆ.

ಮಾರ್ಚ್ 4

ಯುದ್ಧ ಶುರು. ನಮ್ಮದಲ್ಲ. ಆದರೆ ನಮ್ಮ ಹಡಗುಗಳು, ನಮ್ಮ ಜನ ಆ ದಾರಿಯಲ್ಲೇ ಇದ್ದಾರೆ. ರಜೆಗಳೆಲ್ಲ ರದ್ದು. ಎಳಿಮಲದ ಅಕಾಡೆಮಿ, ಕೊಚ್ಚಿಯ ತರಬೇತಿ, ಅಂಡಮಾನ್, ಈಗ ಗೋವಾ. ಹದಿಮೂರು ವರ್ಷ ಅಭ್ಯಾಸವೆಂದು ಮಾಡಿದ್ದನ್ನು ಈಗ ನಿಜವಾಗಿ ಮಾಡಬೇಕು. ಹೆದರಿಕೆ ಇಲ್ಲ. ಹುರುಪೂ ಇಲ್ಲ. ನಿದ್ದೆ, ಹಾರಾಟ, ನಿದ್ದೆ.

ಮಾರ್ಚ್ 13, ಬೆಳಿಗ್ಗೆ

ತುರ್ತು ಬ್ರೀಫಿಂಗ್. ಕೊಲ್ಲಿಯಿಂದ ಹೊರಬಿದ್ದ ಸರಕಿನ ಹಡಗಿಗೆ ಕ್ಷಿಪಣಿ ಬಡಿದಿದೆ. ಮುಳುಗುತ್ತಿದೆ. ಜನರನ್ನು ಹುಡುಕಲು ನಮ್ಮ ವಿಮಾನ. ಹಡಗಿನ ಹೆಸರು ಓದಿದರು. ದೇವುವಿನದು.

ಪೈಲಟ್ ಸಾಬೀರ. ಹುಬ್ಬಳ್ಳಿಯವನು, ನನ್ನದೇ ಬ್ಯಾಚ್. ಕೆಲಸಕ್ಕೆ ಇಂಗ್ಲಿಷ್, ಚಹಾಕ್ಕೆ ಕನ್ನಡ.

"ಸಾಬೀರ, ನನ್ನ ತಮ್ಮ ಅದರಾಗ ಅದಾನ."

ನಿಂತುಬಿಟ್ಟ. "ಸಿ.ಓ. ಸಾಹೇಬ್ರಿಗೆ ಹೇಳೂಣು. ಬ್ಯಾರೆಯವರು ಬರ್ತಾರ."

ಹೇಳಿದೆವು. ಕೆಲಸ ಮಾಡಬಲ್ಲೆಯಾ ಎಂದು ನಮ್ಮ ಕಮಾಂಡಿಂಗ್ ಆಫೀಸರ್, ಸಿ.ಓ., ಕೇಳಿದರು. ಬಲ್ಲೆ ಎಂದೆ. ಬೇರೆಯವರನ್ನು ಕರೆಸುವಷ್ಟರಲ್ಲಿ ತಡವಾಗುತ್ತಿತ್ತು. ಹೊರಡುತ್ತೇನೆ.

ಅದೇ ದಿನ, ಸಂಜೆ

ಹಡಗು ಇರಲಿಲ್ಲ. ಎಣ್ಣೆ ಇತ್ತು, ಹೊಗೆ, ತೇಲುವ ಹಲಗೆಗಳು. ಒಂದು ರಾಫ್ಟ್, ಗಾಳಿ ತುಂಬಿದ ತೆಪ್ಪ. ಅದರಲ್ಲಿ ಜನ. ಕ್ಯಾಮೆರಾ ಹತ್ತಿರ ಎಳೆದೆ. ಮುಖಗಳೆಲ್ಲ ಎಣ್ಣೆ ಮೆತ್ತಿ ಕರ್ರಗೆ. ಯಾರು ಯಾರೆಂದು ತಿಳಿಯಲಿಲ್ಲ. ನೀರು, ಔಷಧಿಯ ಪೆಟ್ಟಿಗೆ ಕೆಳಗೆ ಹಾಕಿದೆವು. ಹತ್ತಿರದ ಯುದ್ಧನೌಕೆಗೆ ಜಾಗ ತಿಳಿಸಿದೆ. ಉಳಿದವರಿಗಾಗಿ ಹುಡುಕಿದೆವು. ತಗ್ಗಿನಲ್ಲಿ ಹಾರಿ, ಹೊರಳಿ, ಮತ್ತೆ ಅದೇ ನೀರಿನ ಮೇಲೆ.

ಕೊನೆಗೆ ಸಾಬೀರ ಹೆಡ್‌ಸೆಟ್‌ನಲ್ಲಿ, ಕನ್ನಡದಲ್ಲಿ: "ಶ್ವೇತಾ, ಇಂಧನ ಮುಗೀಲಿಕ್ಕೆ ಬಂತು. ತಿರುಗಬೇಕು."

ಹುಡುಕಾಟದ ಹೊಣೆ ನನ್ನದು. "ತಿರುಗು" ಎಂದೆ.

ನಮ್ಮ ಜಾಗಕ್ಕೆ ಇನ್ನೊಂದು ವಿಮಾನ ಬಂತು. ಇಳಿದ ಮೇಲೆ ರಿಪೋರ್ಟ್ ಬರೆದೆ. ಸ್ನಾನ ಮಾಡಿದೆ. ಸಮವಸ್ತ್ರ ದೋಬಿಗೆ ಹಾಕಿದೆ.

ಮಾರ್ಚ್ 14

ಮನೆ. ಅವ್ವ ಟಿವಿಯ ಮುಂದೆಯೇ ಕೂತಿದ್ದಳು.

"ನೀ ನೇವ್ಯಾಗ ಅದೀಯಲ್ಲ, ಯಾರನ್ನರ ಕೇಳಿ ಹೇಳವಾ."

ಹಡಗಿನ ಕಂಪನಿ ಹೇಳುವ ತನಕ ಒಂದು ಮಾತೂ ಆಡುವಂತಿಲ್ಲ. ಆದೇಶ. "ಇನ್ನೂ ಗೊತ್ತಾಗಿಲ್ಲ ಅವ್ವಾ" ಎಂದೆ. ಅದೂ ನಿಜವೇ. ಹಸಿವಾಗಿತ್ತು. ಎರಡು ರೊಟ್ಟಿ ತಿಂದೆ. ನನಗೇ ಆಶ್ಚರ್ಯ.

ಮಾರ್ಚ್ 17

ಕಂಪನಿಯ ಏಜೆಂಟ್ ಫೋನ್ ಮಾಡಿದ. ನಾನೂ ಮನೆಯಲ್ಲಿದ್ದೆ. ರಾಫ್ಟಿನಲ್ಲಿದ್ದವರೆಲ್ಲ ಬದುಕಿದ್ದಾರೆ. ದೇವು ಅವರಲ್ಲಿಲ್ಲ. ಉಳಿದವರು ಸಿಕ್ಕಿಲ್ಲ. ಹುಡುಕಾಟ ನಿಲ್ಲಿಸಿದ್ದಾರೆ.

ಅಪ್ಪ ಎದ್ದು ಟಿವಿ ಆರಿಸಿದ. ಗೋಡೆಗೆ ಒರಗಿ ಕೂತ. ಅವ್ವ ನನ್ನ ಕಡೆ ತಿರುಗಿದಳು.

"ಗೋವಾದ ಇಮಾನ ಹೋಗಿತ್ತಂತ. ನೀನೂ ಇದ್ದೇನ ಅದರಾಗ?"

"ಇದ್ದೆ ಅವ್ವಾ."

ಹೊಡೆಯುತ್ತಾಳೆ ಅಂದುಕೊಂಡೆ. ಬಯ್ಯುತ್ತಾಳೆ, ಏಕೆ ಮುಚ್ಚಿಟ್ಟೆ ಅಂತ. ನನ್ನ ಕೈ ಹಿಡಿದಳು. ಆಮೇಲೆ:

"ಹಂಗಾರ ಒಬ್ಬಾಕಿಯರ ನಮ್ಮಾಕಿ ಮ್ಯಾಲಿದ್ದಳು. ಅಂವ ಒಬ್ಬನ ಇದ್ದ ಅಂತ ತಿಳ್ಕೊಂಡಿದ್ದೆ ನಾ."

ಅಂದು ಅತ್ತಳು. ಅಪ್ಪನೂ ಅತ್ತ. ಪಕ್ಕದ ಮನೆಯ ಮರಿಯಮ ಓಡಿ ಬಂದು ಅವ್ವನನ್ನು ಹಿಡಿದುಕೊಂಡಳು. ನಾನು ಎಲ್ಲರಿಗೂ ಚಹಾ ಮಾಡಿದೆ.

ಸೆಪ್ಟೆಂಬರ್ 2

ಯುದ್ಧ ನಿಂತು ಎಷ್ಟೋ ದಿನ. ಬರೆಯಲು ಏನೂ ಇರಲಿಲ್ಲ. ದೇಹ ಸಿಗಲಿಲ್ಲ. ಫೋಟೋ ಇಟ್ಟು ಕರ್ಮ ಮಾಡಿದರು. ಮಳೆಗಾಲ ಕಳೆಯುತ್ತಾ ಬಂತು. ಈಗ ಮತ್ತೆ ಪರೇಡ್, ತಪಾಸಣೆ, ಹೊಸಬರಿಗೆ ಕ್ಲಾಸು. ಪಾಠ ಚೆನ್ನಾಗಿ ಮಾಡುತ್ತೇನಂತೆ.

ಕ್ಯಾಂಟೀನಿನಲ್ಲಿ ಸಾಬೀರ ಕೇಳಿದ: "ಒಮ್ಮೆರ ಅತ್ತೀ ಏನ ನೀ?"

"ಟೈಮ್ ಸಿಕ್ಕಿಲ್ಲ."

ತಮಾಷೆಗೆ ಹೇಳಿದ್ದೆ. ಅವನು ನಗಲಿಲ್ಲ.

ಜನವರಿ 9

ಬಡ್ತಿ ಬಂತು, ಕಮಾಂಡರ್ ಆದೆ. ಸಿ.ಓ. ಸಾಹೇಬರ ಆಫೀಸಿನಲ್ಲಿ ಚಿಕ್ಕ ಸಮಾರಂಭ. ಒಂದು ಹೆಗಲಿಗೆ ಸಿ.ಓ. ಹೊಸ ಪಟ್ಟಿ ಹಾಕಿದರು, ಇನ್ನೊಂದಕ್ಕೆ ಅವ್ವ. ಇಳಕಲ್ ಸೀರೆ ಉಟ್ಟು ಬಂದಿದ್ದಳು. ಅಪ್ಪನಿಗೆ ಮೆಟ್ಟಿಲು ಹತ್ತಲಾಗಲಿಲ್ಲ, ಕೆಳಗೇ ಕೂತಿದ್ದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಏನಾದರೂ ಬೇಕೇ ತಾಯಿ, ಎಂದು ಸಿ.ಓ. ಹಿಂದಿಯಲ್ಲಿ ಕೇಳಿದರು. ಸುಮ್ಮನೆ, ಮರ್ಯಾದೆಗೆ.

ಅವ್ವ ಕೈ ಮುಗಿದಳು. ಕನ್ನಡದಲ್ಲೇ ಹೇಳಿದಳು.

"ಸಾಹೇಬ್ರ, ನನ್ನ ಮಗಳಿಗೆ ಅಳಾಕ ರಜಾ ಕೊಡ್ರಿ."

ಸಿ.ಓ. ಸಾಬೀರನ ಕಡೆ ನೋಡಿದರು. ಸಾಬೀರ ನನ್ನ ಕಡೆ. ಬೇಡ ಎಂದು ತಲೆಯಾಡಿಸಿದೆ. ಅವನು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದ.

ಎಷ್ಟು ದಿನ ಬೇಕು, ಎಂದು ಸಿ.ಓ. ಮೆಲ್ಲಗೆ ಕೇಳಿದರು.

"ಅದು ನನಗೂ ಗೊತ್ತಿಲ್ರಿ. ಶುರು ಆಗೂತನಕರ ಕೊಡ್ರಿ."

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕೇಕ್ ಕತ್ತರಿಸಿದೆ.

ಜನವರಿ 12, ಮನೆ

ರಜೆ. ಮಧ್ಯಾಹ್ನ ಅಪ್ಪ ಮಲಗಿದ್ದ. ಅವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅವತ್ತಿಂದು ಪೂರಾ ಹೇಳವಾ. ಏನೂ ಬಿಡಬ್ಯಾಡ."

ಹೇಳಿದೆ. ಬಿಸಿಲು. ಎಣ್ಣೆ ಹರಡಿದ ನೀರು. ರಾಫ್ಟಿನಲ್ಲಿ ಒಬ್ಬ ಅಂಗಿ ಬಿಚ್ಚಿ ಬೀಸುತ್ತಿದ್ದ, ಅವನು ನನ್ನ ತಮ್ಮ ಇರಬಹುದೆಂದು ಅಂದುಕೊಂಡದ್ದು. ಅವನಾಗಿರಲಿಲ್ಲ. ರಿಪೋರ್ಟ್ ಓದುವ ದನಿಯಲ್ಲೇ ಹೇಳುತ್ತಾ ಹೋದೆ. ತಿರುಗು ಎಂದು ನಾನು ಹೇಳಿದ ಜಾಗಕ್ಕೆ ಬಂದಾಗ ಅವ್ವ ತಡೆದಳು.

"ಆವಾಗ ನಿನ್ನ ದನಿ ಹ್ಯಾಂಗಿತ್ತು?"

ಇದನ್ನು ಯಾರೂ ಕೇಳಿರಲಿಲ್ಲ.

"ಚಲೋನ ಇತ್ತವ್ವಾ. ಒಟ್ಟ ನಡುಗಲಿಲ್ಲ."

ಅವ್ವ ಬೆಳ್ಳುಳ್ಳಿಯ ಮೊರ ಪಕ್ಕಕ್ಕೆ ಸರಿಸಿದಳು. ನನ್ನ ತಲೆ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅವನ ಹೆಸರು ಹೇಳಬೇಕೆನಿಸಿತು. ಅಷ್ಟೇ, ಹೆಸರು. ಮಾರ್ಚಿನಿಂದ ಬಾಯಿಬಿಟ್ಟು ಒಮ್ಮೆಯೂ ಹೇಳಿರಲಿಲ್ಲ. ಹೇಳಿದೆ. ಆಮೇಲೆ ಅಳು ಶುರುವಾಯಿತು.