ಬೇಸ್ ಇಲ್ಲದ ಭಾನುವಾರಗಳು

1-2-98, ಭಾನುವಾರ, ಸಂಜೆ

ಮಲ್ಲಿಕ್‌ಗೆ ಕ್ಯಾಸೆಟ್ ಕಾಪಿ ಮಾಡಿ ಈಗಷ್ಟೇ ಮುಗಿಯಿತು. ಎರಡು ಸಲ ಮೊದಲಿಂದ ಮಾಡಬೇಕಾಯಿತು. ಬೇಸ್, ಆ ತಗ್ಗಿನ ಸ್ವರ, ಏಳುವುದೇ ಇಲ್ಲ. ಈಕ್ವಲೈಸರಿನಲ್ಲಿ ಬೇಸ್‌ನ ಗುಂಡಿಗಳನ್ನೆಲ್ಲ ಪೂರ್ತಿ ಮೇಲಕ್ಕೆ ತಳ್ಳಿದ ಮೇಲೆ ಸ್ವಲ್ಪ ಜೀವ ಬಂತು. ಈಗ ಸಿಗುವ ಖಾಲಿ ಕ್ಯಾಸೆಟ್‌ಗಳಿಗೆ ಮಾನ ಮರ್ಯಾದೆ ಏನೂ ಇಲ್ಲ.

ಬೆಳಿಗ್ಗೆ ಎಂದಿನಂತೆ ನ್ಯೂ ಟೌನಿನ ಆ ತುದಿಗೆ, ಮುರುಗೇಶಪ್ಪ ಅಂಕಲ್ ಮನೆಗೆ. ಮೂರೇ ಜನದ ಸಂಘ ನಮ್ಮದು. ಕಾರ್ಖಾನೆಯ ಅಕೌಂಟ್ಸ್‌ನಿಂದ ರಿಟೈರ್ ಆದ ಅಂಕಲ್. ಶಿವಮೊಗ್ಗದ ವಿನೋಬನಗರದಿಂದ ಸ್ಕೂಟರಿನಲ್ಲಿ ಬರುವ ಮೆಡಿಕಲ್ ರೆಪ್ ಮಲ್ಲಿಕ್. ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿರುವ ನಾನು. ನಮ್ಮ ಕಾರ್ಖಾನೆಯ ಊರು, ಶಿವಮೊಗ್ಗ, ಈ ಎರಡರಲ್ಲೂ ಜಾಝ್ ಕೇಳುವವರು ಬೇರೆ ಯಾರಾದರೂ ಇದ್ದರೆ ಇನ್ನೂ ಕಣ್ಣಿಗೆ ಬಿದ್ದಿಲ್ಲ.

ಅಂಕಲ್ ಮಾಂಕ್‌ನ ಪಿಯಾನೋ ಹಾಕಿದರು. ಮಲ್ಲಿಕ್ ಮುಖ ಹಿಂಡಿದ.

“ಸಾರ್, ಈ ಮನುಷ್ಯ ತಪ್ಪು ತಪ್ಪು ಬಾರಿಸ್ತಾನೆ.”

“ತಪ್ಪಲ್ಲಪ್ಪಾ. ನೀನು ಎಲ್ಲಿ ಕಾಯ್ತಿರ್ತೀಯೋ ಅಲ್ಲಿ ಬೆರಳಿಡಲ್ಲ, ಅಷ್ಟೆ. ಸ್ಯಾಕ್ಸ್ ಊದೋ ನಿನ್ನ ಕೋಲ್ಟ್ರೇನ್ ಉಸಿರು ಬಿಡಕ್ಕೂ ಪುರುಸೊತ್ತು ಕೊಡಲ್ಲ, ಅದು ಸರಿನಾ?”

ಇವರ ಈ ಜಗಳ ಮುಗಿಯುವಂಥದ್ದಲ್ಲ. ನನಗೆ ಮೇಲೆ ಹಾರಾಡುವವರಿಗಿಂತ ಕೆಳಗೆ ನಡೆಯುವವನೇ ಮುಖ್ಯ. ಆಳೆತ್ತರದ ಆ ಪಿಟೀಲು — ಡಬಲ್ ಬೇಸ್. ಅದಕ್ಕೇ ಮಲ್ಲಿಕ್ ನನಗೆ ಬೇಸ್ ಮೇಡಂ ಅಂತ ಹೆಸರಿಟ್ಟಿರುವುದು.

ಕೊನೆಗೆ ಹೆಸರು ಮುಚ್ಚುವ ಆಟ. ಒಬ್ಬರು ಲೇಬಲ್ ಮುಚ್ಚಿ ಟೇಪ್ ಹಾಕಬೇಕು, ಉಳಿದವರು ಯಾರು ಬಾರಿಸುತ್ತಿದ್ದಾರೆ ಅಂತ ಹೇಳಬೇಕು. ಸೋತವರು ಬೋಂಡಾ ತರಿಸಬೇಕು. ಮೊದಲೆಲ್ಲ ಬೇಸ್ ಕೇಳಿಯೇ ಥಟ್ಟನೆ ಹೇಳುತ್ತಿದ್ದೆ. ಇವತ್ತು ಮತ್ತೆ ಬೋಂಡಾ ನಂದೇ.

4-2-98, ಬುಧವಾರ

ಏನೋ ಸರಿಯಿಲ್ಲ.

ಬೆಳಿಗ್ಗೆ ಅಮ್ಮ ಹಿಂದಿನಿಂದ ಕರೆದಳಂತೆ. ಹೆಗಲು ಮುಟ್ಟಿದ ಮೇಲೆ ತಿರುಗಿದೆ. ಅಮ್ಮನ ದನಿಯೇ ಸಣ್ಣದು. ನನ್ನ ವಯಸ್ಸಿಗೆ ಕಿವಿ ಕಳೆದುಕೊಂಡವಳು. ಕಿವುಡರು ಕೂಗಿ ಮಾತಾಡುತ್ತಾರೆ ಅಂತ ಜನ ಹೇಳುತ್ತಾರೆ. ಅಮ್ಮ ತದ್ವಿರುದ್ಧ, ಎದುರಿಗಿದ್ದವರೂ ಬಗ್ಗಿ ಕೇಳಬೇಕು. ತನ್ನ ದನಿ ತನಗೇ ತಲೆಯೊಳಗೆ ಜೋರಾಗಿ ಕೇಳುತ್ತದಂತೆ. ನಾನು ಚಿಕ್ಕವಳಿದ್ದಾಗಿನಿಂದ ಅವಳ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುವುದು. ಆದ್ದರಿಂದ ಕೇಳದಿರುವುದು ದೊಡ್ಡ ವಿಷಯವಲ್ಲ. ಅಲ್ಲವೇ ಅಲ್ಲ.

ಆದರೆ ಅವಳು ನನ್ನನ್ನೇ ನೋಡುತ್ತಾ ನಿಂತಳು. ಆ ನೋಟ ಬೇಡವಾಗಿತ್ತು.

ಎಕ್ಸ್‌ಚೇಂಜಿನಲ್ಲಿ ದಿನವಿಡೀ ಪರೀಕ್ಷೆ ಮಾಡಿಕೊಂಡೆ. ಹೆಡ್‌ಫೋನಿನಲ್ಲಿ ಒಂದು ಅಕ್ಷರವೂ ತಪ್ಪಲಿಲ್ಲ. ಕಿವಿ ಸರಿಯಿದೆ. ಟೇಪ್ ಡೆಕ್ಕಿನ ಹೆಡ್ ಕೊಳೆಯಾಗಿರಬೇಕು. ಸ್ಪಿರಿಟ್ ತರಬೇಕು.

7-2-98, ಶನಿವಾರ

ಹೆಡ್ ಒರೆಸಿದೆ. ಬೆಲ್ಟ್ ಬದಲಾಯಿಸಿದೆ. ಬೇಸ್ ಇಲ್ಲ.

ಮಧ್ಯಾಹ್ನ ಮಲ್ಲಿಕ್ ಜೊತೆ ಶಿವಮೊಗ್ಗಕ್ಕೆ. ಅವನ ಸ್ಕೂಟರ್ ರಿಪೇರಿಗೆ ಹೋಗಿತ್ತು, ಬಸ್ಸಿನಲ್ಲೇ ಹೋದೆವು. ಕಿಟಕಿ ಗಾಜೆಲ್ಲ ಗಡಗಡ. ಅವನು ಬೆಂಗಳೂರಿನಲ್ಲಿ ಕೊಂಡ ಹೊಸ ಟೇಪಿನ ಕಥೆ ಹೇಳುತ್ತಿದ್ದ. ಪ್ರತಿಯೊಂದು ಮಾತೂ ಗಂಟೆ ಬಾರಿಸಿದ ಹಾಗೆ ಸ್ಪಷ್ಟ! ನನ್ನ ಮಾತೇ ಅವನಿಗೆ ಕೇಳುತ್ತಿರಲಿಲ್ಲ.

“ಈ ಸದ್ದಲ್ಲಿ ನಿಮ್ಗೆ ಹೆಂಗೆ ಕೇಳುತ್ತೆ ಮಾರಾಯ್ತಿ? ಕಿವಿ ಅಂದ್ರೆ ನಿಮ್ದು ಕಣ್ರಿ ಶೀಲಕ್ಕ!”

ಎಷ್ಟು ಖುಷಿಯಾಯಿತೆಂದರೆ ಅವನ ಟಿಕೆಟ್ಟೂ ನಾನೇ ತೆಗೆದೆ.

ಆದರೆ ಅವನ ಮನೆಯಲ್ಲಿ... ಹಾಲ್ ನಿಶ್ಶಬ್ದ, ಫ್ಯಾನ್ ಕೂಡ ಇಲ್ಲ. ಮಲ್ಲಿಕ್ ಹೆಂಡತಿ ಸಮತಾ ಕಾಫಿ ಕೊಟ್ಟು ಏನೋ ಕೇಳಿದಳು. ಹೂಂ ಅಂದೆ. ಅವಳು ಇನ್ನೆರಡು ಚಮಚ ಸಕ್ಕರೆ ಹಾಕಿಬಿಟ್ಟಳು.

8-2-98, ಭಾನುವಾರ

ಬರೆಯುವುದೋ ಬೇಡವೋ. ಬರೆಯುತ್ತೇನೆ.

ಹೆಸರು ಮುಚ್ಚುವ ಆಟ. ಮಲ್ಲಿಕ್ ತನ್ನ ಹೊಸ ಟೇಪ್ ಹಾಕಿದ. ಕಣ್ಣು ಮುಚ್ಚಿ ಕೇಳಿದೆ. ಸ್ಯಾಕ್ಸ್ ಇತ್ತು. ಡ್ರಮ್ಸ್ ಇತ್ತು, ಅದರಲ್ಲೂ ತಾಳದ ಛಿಳ್ ಛಿಳ್ ಮಾತ್ರ ಜಾಸ್ತಿ. ಕೆಳಗೆ ಖಾಲಿ. ಈ ಸಲ ಸೋಲಬಾರದು ಅಂತ ಹಟ ನನಗೆ. ಧೈರ್ಯವಾಗಿ ಹೇಳಿದೆ, “ಹೆಸರು ಗೊತ್ತಾಗ್ಲಿಲ್ಲ. ಆದ್ರೆ ಒಂದು ಹೇಳ್ತೀನಿ, ಇವರು ಬೇಸ್ ಇಟ್ಕೊಳ್ದೆ ಬಾರಿಸಿದಾರೆ. ಹೊಸ ಐಡಿಯಾ.”

ಮಲ್ಲಿಕ್ ಲೇಬಲ್ ತೋರಿಸಿದ. ಮಿಂಗಸ್. ಬೇಸ್ ಬಾರಿಸುವವನದೇ ತಂಡ. ಶುರುವಿನ ಎರಡು ನಿಮಿಷ ಅವನೊಬ್ಬನೇ ಬಾರಿಸಿದ್ದನಂತೆ! ನಾನು ಮಲ್ಲಿಕ್ ಇನ್ನೂ ಟೇಪ್ ಶುರು ಮಾಡಿಲ್ಲ ಅಂದುಕೊಂಡು ಕೂತಿದ್ದೆನಲ್ಲ, ಆ ಎರಡು ನಿಮಿಷ.

“ನಿಮ್ಮ ಡೆಕ್ ಸರಿಯಿಲ್ಲ ಅಂಕಲ್,” ಅಂದೆ.

ಮಲ್ಲಿಕ್‌ಗೆ ಬಾಯಿಗೆ ಬೀಗ ಇಲ್ಲ. “ಡೆಕ್ಕಿಂದು ಏನಿಲ್ಲ ಶೀಲಕ್ಕ. ನೀವು ಮಾಡಿಕೊಟ್ಟ ಕ್ಯಾಸೆಟ್ ಇದೆಯಲ್ಲ, ಅದರಲ್ಲಿ ಬೇಸ್ ಬಿಟ್ರೆ ಬೇರೇನೂ ಇಲ್ಲ. ಬುರ್ ಬುರ್ ಅನ್ನುತ್ತೆ. ಸಮತಾ ಕಿಟಕಿ ಅದುರುತ್ತೆ ಅಂತಾಳೆ. ನಾನು, ಸಾರ್ ಇಬ್ರೂ ಬೇಸ್ ಪೂರ್ತಿ ಕಮ್ಮಿ ಮಾಡ್ಕೊಂಡೇ—”

“ಮಲ್ಲಿಕ್!” ಅಂದರು ಅಂಕಲ್.

ಆಗ ಅವನಿಗೂ ಹೊಳೆಯಿತು. ಮುಖ ಬಿಳಿಚಿಕೊಂಡಿತು. ನಾನು ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ. ದಾರಿಯುದ್ದಕ್ಕೂ ಅವಮಾನವಾಗುತ್ತಿತ್ತು. ಅವಮಾನಕ್ಕಿಂತ ಹೆಚ್ಚು ಭಯ.

9-2-98

ಯಾವ ಟೇಪೂ ಕೇಳಲಿಲ್ಲ. ಕೇಳುವ ಮನಸ್ಸೂ ಇಲ್ಲ.

23-2-98, ಸೋಮವಾರ

ಎರಡು ಭಾನುವಾರ ಹೋಗಲಿಲ್ಲ. ಜ್ವರ ಅಂತ ಹೇಳಿಕಳಿಸಿದ್ದೆ.

ಸಂಜೆ ಅಂಕಲ್ಲೇ ಬಂದರು. ವೆರಾಂಡದಲ್ಲಿ ಕೂತರು. ಅಮ್ಮ ಮಜ್ಜಿಗೆ ತಂದುಕೊಟ್ಟಳು. ಅವರು ನನ್ನ ಎದುರಿಗೇ ಕುರ್ಚಿ ಎಳೆದುಕೊಂಡು, ಮುಖ ಕಾಣುವ ಹಾಗೆ ಕೂತು, ಬಿಡಿಸಿ ಬಿಡಿಸಿ ಮಾತಾಡಿದರು. ಅಮ್ಮನ ಜೊತೆ ಮಾತಾಡುವ ಹಾಗೆ. ಅದನ್ನು ನೋಡಿಯೇ ಅಳು ಬಂತು.

“ನಿಮಗೆ ಮೊದಲೇ ಗೊತ್ತಿತ್ತಾ ಅಂಕಲ್?”

“ಗೊತ್ತಾಗದೆ ಇರುತ್ತಾಮ್ಮಾ. ಹೋದ ದೀಪಾವಳಿಯಿಂದ ಒಂದೊಂದು ಕ್ಯಾಸೆಟ್ ಬಂದಂಗೆ ಬೇಸ್ ಜಾಸ್ತಿ ಆಗ್ತಾ ಬಂತು.”

“ಹೇಳ್ಬೇಕು ತಾನೇ!”

“ನಿಂಗೆ ನಾನು ಹೇಳೋದಾ? ಈ ಊರಲ್ಲಿ ಬೇಸ್ ಕೇಳೋದು ಕಲಿಸ್ದೋಳು ನೀನು. ನಾನು ಮೂವತ್ತು ವರ್ಷ ಬರೀ ಪಿಯಾನೋ ಕೇಳ್ಕೊಂಡು ಕೂತಿದ್ದೆ. ಹೆಂಗೆ ಹೇಳ್ಲಿ? ಬಾಯಿ ಬರ್ಲಿಲ್ಲ. ತಪ್ಪು ನಂದೇ ಅಂದ್ಕೋ.”

ಶಿವಮೊಗ್ಗದಲ್ಲಿ ಮಲ್ಲಿಕ್‌ಗೆ ಗೊತ್ತಿರುವ ಕಿವಿ ಡಾಕ್ಟರ್ ಇದ್ದಾರಂತೆ. ಶುಕ್ರವಾರಕ್ಕೆ ಹೆಸರು ಬರೆಸಿಬಿಟ್ಟಿದ್ದಾನೆ. ನನ್ನನ್ನು ಒಂದು ಮಾತು ಕೇಳದೆ!

27-2-98, ಶುಕ್ರವಾರ

ಡಾ. ಶಿವಯೋಗಪ್ಪ. ಕೈ ತಣ್ಣಗೆ, ಮಾತು ಕಡಿಮೆ. ಶ್ರುತಿ ಕವೆಯನ್ನು ಮೇಜಿಗೆ ಬಡಿದು ಕಿವಿಯ ಮುಂದೆ ಹಿಡಿದರು. ದೂರ. ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ತಲೆಯೊಳಗೇ ಬಾರಿಸಿದ ಹಾಗೆ ಜೋರು.

“ಬಸ್ಸಲ್ಲಿ ಕೂತಾಗ ಮಾತು ಚೆನ್ನಾಗಿ ಕೇಳುತ್ತಾ?”

ತುಂಬ ಚೆನ್ನಾಗಿ ಅಂದೆ, ಹೆಮ್ಮೆಯಿಂದ.

“ಹ್ಞಾಂ. ಅದೂ ಈ ಕಾಯಿಲೆಯ ಒಂದು ಗುರುತೇ ಕಣಮ್ಮ. ಬಸ್ಸಿನ ಸದ್ದು ಅಷ್ಟಾಗಿ ಕಿವಿಗೆ ಹೋಗಲ್ಲ, ಎದುರಿನವರು ಜೋರಾಗಿ ಆಡೋ ಮಾತು ಮಾತ್ರ ಹೋಗುತ್ತೆ.”

ಬಸ್ಸಿನಲ್ಲಿ ಸಿಕ್ಕ ಧೈರ್ಯ ಅಲ್ಲಿಗೆ ಮುಗಿಯಿತು.

ಕಿವಿಯ ಒಳಗಿನ ಅತಿ ಸಣ್ಣ ಮೂಳೆ ಬಿಗಿದುಕೊಂಡಿದೆಯಂತೆ. ಅದು ಅಲ್ಲಾಡದಿದ್ದರೆ ಸದ್ದು ಒಳಗೆ ಹೋಗುವುದಿಲ್ಲ, ಮೊದಲು ಹೋಗುವುದು ತಗ್ಗಿನ ಸ್ವರ. ವಂಶದಲ್ಲಿ ಬರುವಂಥದ್ದು. ಆಪರೇಷನ್ ಇದೆ. ಮೂಳೆ ತೆಗೆದು ಅಕ್ಕಿಕಾಳಿಗಿಂತ ಸಣ್ಣದೊಂದು ಕಡ್ಡಿ ಕೂರಿಸುತ್ತಾರೆ. ಬಹಳ ಜನಕ್ಕೆ ಸರಿಹೋಗುತ್ತದೆ. ನೂರಕ್ಕೊಬ್ಬರಿಗೆ ಆ ಕಿವಿ ಪೂರ್ತಿ ಹೋಗುತ್ತದೆ. ಆಮೇಲೆ ಏನು ಮಾಡಿದರೂ ಬರುವುದಿಲ್ಲ.

ಮಲ್ಲಿಕ್ ಹೊರಗೆ ಕಾಯುತ್ತಿದ್ದ. ಬಸ್ ಸ್ಟ್ಯಾಂಡಿನವರೆಗೂ ಅವನು ಒಂದೂ ಜೋಕ್ ಮಾಡಲಿಲ್ಲ. ಅದೇ ಹೆದರಿಕೆಯಾಯಿತು.

1-3-98, ಭಾನುವಾರ

ಅಮ್ಮನಿಗೆ ಹೇಳಿದೆ. ಜಗಳ. ನಮ್ಮ ಜಗಳ ಹೊರಗಿನವರಿಗೆ ಕೇಳುವಂಥದ್ದಲ್ಲ, ನೋಡುವಂಥದ್ದು.

“ಬೇಡ ಕಣೆ. ಈಶ್ವರಮ್ಮ ದೊಡ್ಡಮ್ಮ ಇದನ್ನೇ ಮಾಡಿಸ್ಕೊಂಡ್ಳು. ಇದ್ದಿದ್ದೂ ಹೋಯ್ತು. ಸಾಯೋ ತಂಕ ತಲೆ ಸುತ್ತಿ ಗೋಡೆ ಹಿಡ್ಕೊಂಡು ನಡೆದ್ಳು.”

“ಅದು ಆಗಿನ ಕಾಲ ಅಮ್ಮ.”

“ಕಿವಿ ಯಾವ ಕಾಲದ್ದಾದ್ರೂ ಕಿವಿನೇ. ನಂಗೆ ಕೇಳಲ್ಲ, ಬದುಕಿಲ್ವಾ? ನಿನ್ನ ಸಾಕಲಿಲ್ವಾ? ಆ ಪಾತ್ರೆ ಬೀಳೋ ಸಂಗೀತಕ್ಕೋಸ್ಕರ ಇರೋದನ್ನೂ ಕಳ್ಕೋತೀಯಾ?”

ಪಾತ್ರೆ ಬೀಳುವ ಸಂಗೀತ ಅಂತ ಅವಳಿಗೆ ಹೇಗೆ ಗೊತ್ತು? ಕೇಳಿಯೇ ಇಲ್ಲವಲ್ಲ. ಹಿಂದೊಮ್ಮೆ ಮನೆಗೆ ಬಂದಾಗ ಸಮತಾ ಹೇಳಿರಬೇಕು.

ಅಮ್ಮ ಬದುಕಿದ್ದಾಳೆ, ನಿಜ. ಆದರೆ ಅಪ್ಪ ಹೋದ ದಿನ ಮನೆ ತುಂಬ ಜನ ಅಳುತ್ತಿದ್ದಾಗ ಇವಳು ಎಲ್ಲರ ಬಾಯಿ ನೋಡುತ್ತಾ ಕೂತಿದ್ದಳು. ನನಗೆ ಹಾಗೆ ಕೂರುವುದಕ್ಕೆ ಆಗುವುದಿಲ್ಲ. ಭಯವಾಗುತ್ತದೆ. ಆಪರೇಷನ್ನಿಗೂ ಭಯ, ಬಿಡುವುದಕ್ಕೂ ಭಯ.

8-3-98, ಭಾನುವಾರ

ಅಂಕಲ್ ಮನೆಗೆ ಹೋದೆ. ಸ್ಪೀಕರಿನ ಪಕ್ಕದ ಕುರ್ಚಿ ನನಗೇ ಬಿಟ್ಟಿದ್ದರು. ಆಟ ಆಡಲಿಲ್ಲ. ಚೇಂಬರ್ಸ್ ಅನ್ನುವವನು ಪಿಟೀಲಿನ ಹಾಗೆ ಕಮಾನಿನಿಂದ ಉಜ್ಜುವ ಬೇಸ್ ಹಾಕಿದರು ಅಂಕಲ್. ಸ್ಪೀಕರಿನ ಮರದ ಮೇಲೆ ಅಂಗೈ ಇಟ್ಟೆ. ಕೈಗೆ ಗೊತ್ತಾಯಿತು, ಕಿವಿಗೆ ಅರ್ಧಂಬರ್ಧ.

ಇಬ್ಬರದೂ ವಾದ. ಮೊದಲು ಯಾವ ಕಿವಿ?

“ಬಲಗಡೇದು ಮೊದ್ಲು,” ಮಲ್ಲಿಕ್. “ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಡದ ಚಾನೆಲ್ ಇರುತ್ತೆ. ಹಳೇ ರೆಕಾರ್ಡೆಲ್ಲಾ ಮೋನೋನೇ ಅಲ್ವಾ, ಎರಡೂ ಕಡೆ ಒಂದೇ ಸದ್ದು, ಏನೂ ಲಾಸ್ ಇಲ್ಲ.”

“ನಿನ್ನ ಕಿವಿ ಕೊಯ್ಸು ಮೊದ್ಲು,” ಅಂಕಲ್ ಗದರಿದರು.

ನಾನು ನಕ್ಕೆ. ತಿಂಗಳಿಂದ ನಕ್ಕಿರಲಿಲ್ಲ. ಮಲ್ಲಿಕ್ ಹೇಳಿದ್ದೂ ಸರಿಯೇ, ಬಲಗಿವಿಯೇ ಹೆಚ್ಚು ಕೆಟ್ಟಿರುವುದು.

ಮಾಡಿಸುತ್ತೇನೆ ಅಂತ ಹೇಳಿಬಿಟ್ಟೆ.

19-3-98, ಗುರುವಾರ, ಮಧ್ಯಾಹ್ನ

ನಾಳೆ. ಅಮ್ಮ ಬರುವುದಿಲ್ಲವಂತೆ. ಬ್ಯಾಗಿಗೆ ಬಟ್ಟೆ ಮಾತ್ರ ತುಂಬಿಸಿಟ್ಟಿದ್ದಾಳೆ. ಎಚ್ಚರವಾಗಿಟ್ಟೇ ಮಾಡುತ್ತಾರಂತೆ. ನಡುವೆ ಡಾಕ್ಟರು ಪಿಸುಗುಟ್ಟಿ ಕೇಳುತ್ತಾರಂತೆ, ಕೇಳಿಸಿತಾ ಅಂತ. ಕೇಳಿಸದಿದ್ದರೆ?

24-3-98

ಸಾಲು ಸೊಟ್ಟ ಹೋಗುತ್ತಿದೆ. ತಲೆ ಸುತ್ತು. ಎದ್ದರೆ ಕೋಣೆ ಬುಗುರಿಯ ಹಾಗೆ ತಿರುಗುತ್ತದೆ. ಗೋಡೆ ಹಿಡಿದು ಬಚ್ಚಲಿಗೆ ಹೋದೆ. ಅಮ್ಮ ನೋಡಿ ಮುಖ ತಿರುಗಿಸಿಕೊಂಡಳು. ಅವಳಿಗೆ ಈಶ್ವರಮ್ಮ ದೊಡ್ಡಮ್ಮ ಕಂಡಿರಬೇಕು. ಆಪರೇಷನ್ನಿನ ನಡುವೆ ಡಾಕ್ಟರು ಪಿಸುಗುಟ್ಟಿದ್ದು ಕೇಳಿಸಿತಾ? ಕೇಳಿಸಿತು ಅನಿಸುತ್ತದೆ. ಕೇಳಿಸಬೇಕು ಅಂತ ಆಸೆಪಟ್ಟದ್ದಕ್ಕೆ ಹಾಗನಿಸಿತೋ ಏನೋ.

28-3-98, ಶನಿವಾರ, ಯುಗಾದಿ

ಬೇವೂ ಕಬ್ಬಿಣ, ಬೆಲ್ಲವೂ ಕಬ್ಬಿಣ. ನಾಲಿಗೆಯ ನರ ಕಿವಿಯ ಮೂಲಕವೇ ಹಾದುಹೋಗುತ್ತದಂತೆ, ಅದಕ್ಕೆ ರುಚಿ ಕೆಟ್ಟಿದೆ. ಹೋಳಿಗೆಯೂ ಮೊಳೆ ಚೀಪಿದ ಹಾಗೆ. ಕಿವಿಯೊಳಗೆ ಇನ್ನೂ ಬಟ್ಟೆ ತುಂಬಿದ್ದಾರೆ. ಮಂಗಳವಾರ ತೆಗೆಯುತ್ತಾರೆ.

31-3-98, ಮಂಗಳವಾರ

ತೆಗೆದರು.

ಮೊದಲು ಕೇಳಿದ್ದು ಕತ್ತರಿ ಟ್ರೇಗೆ ಬಿದ್ದದ್ದು. ಕಿರುಚಿಬಿಟ್ಟೆ. ಕಾಗದ ಮಡಿಸಿದರೆ ತಗಡು ಹರಿದ ಸದ್ದು. ಮನೆಗೆ ಬಂದು ಆಸೆಯಿಂದ ಟೇಪ್ ಹಾಕಿದೆ. ಅಯ್ಯೋ. ಟ್ರಂಪೆಟ್ ಒಡಕು ಪೀಪಿ. ಪಿಯಾನೋ ಚಮಚಗಳ ರಾಶಿ. ಬೇಸ್ ಎಲ್ಲಿದೆಯೋ ಗೊತ್ತಾಗಲಿಲ್ಲ. ಎರಡೇ ನಿಮಿಷಕ್ಕೆ ಆರಿಸಿದೆ. ಸಂಗೀತ ಇನ್ನು ಮೇಲೆ ಹೀಗೇನಾ? ಹೀಗೇ ಆದರೆ ಏನು ಮಾಡಲಿ?

ಮಲ್ಲಿಕ್ ಫೋನ್ ಮಾಡಿದ. ಡಾಕ್ಟರನ್ನು ಮತ್ತೆ ಕೇಳಿದನಂತೆ. ಮಿದುಳು ಹೊಸದಾಗಿ ಕಲಿಯಬೇಕು, ವಾರಗಳು ಹಿಡಿಯುತ್ತವೆ ಅಂದರಂತೆ. “ನಿಮ್ಗೀಗ ಎಲ್ಲಾನೂ ಮಾಂಕ್ ಬಾರ್ಸಿದಂಗೆ ಕೇಳ್ತಿರುತ್ತೆ ಶೀಲಕ್ಕ. ಸಾರ್‌ಗೆ ಹೇಳ್ಬೇಡಿ.” ಅವನ ಮಾತಿಗೆ ನಗು ಬರಲಿಲ್ಲ.

5-4-98, ಭಾನುವಾರ, ಬೆಳಿಗ್ಗೆ

ಮಲ್ಲಿಕ್ ಕರೆದೊಯ್ಯಲು ಬರುತ್ತಾನಂತೆ. ಹೋಗಲೋ ಬೇಡವೋ. ಅಲ್ಲಿ ಎಲ್ಲರ ಮುಂದೆ ಕೂತು, ಏನೂ ಚೆನ್ನಾಗಿ ಕೇಳಿಸದೆ... ಆ ಇಬ್ಬರ ಮುಖ ನೋಡಲಾರೆ.

ಧೈರ್ಯ ಮಾಡಿ ಸಣ್ಣಗೆ ಟೇಪ್ ಹಾಕಿದೆ. ಗುಂಡಿಗಳೆಲ್ಲ ನಡುವಿನಲ್ಲೇ ಇಟ್ಟು. ಸ್ಯಾಕ್ಸ್ ಇನ್ನೂ ಒಡಕು. ಕೆಳಗೆ ಏನೋ ಇದೆ. ಮರದ ಮೆಟ್ಟಿಲಿಳಿದು ಹೋಗುವ ಹಾಗೆ. ಇದೆಯಾ, ಇಲ್ಲಾ ನೆನಪಿನಿಂದ ನಾನೇ ಸೇರಿಸಿಕೊಳ್ಳುತ್ತಿದ್ದೇನಾ? ಗೊತ್ತಾಗುವುದಿಲ್ಲ. ಇಷ್ಟು ವರ್ಷ ಕೇಳಿದ್ದರ ತೊಂದರೆ ಇದು. ಮನಸ್ಸೇ ಬಾರಿಸಿಬಿಡುತ್ತದೆ.

ನಿಲ್ಲಿಸಿದೆ. ಮನೆಯೆಲ್ಲ ನಿಶ್ಶಬ್ದ. ನಾನು ಹಾಲಿನಲ್ಲಿ. ಅಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಾಳೆ, ಬೆನ್ನು ನನ್ನ ಕಡೆ. ತುಟಿ ಕಾಣಿಸುವುದಿಲ್ಲ.

“ಆ ಡಾಕ್ಟ್ರು ಅರವತ್ತು ದಾಟ್ದೋರಿಗೂ ಮಾಡ್ತಾರೋ ಏನೋ.”

ಒಲೆಗೆ ಹೇಳಿದ್ದು. ನನಗಲ್ಲ. ನನಗೆ ಕೇಳಿಸುವುದಿಲ್ಲ ಅಂದುಕೊಂಡೇ ಹೇಳಿದ್ದು.

ನೆನಪಿನಿಂದ ಸೇರಿಸಿಕೊಂಡದ್ದಲ್ಲ ಇದು. ಈ ಮಾತನ್ನು ಅಮ್ಮ ಯಾವತ್ತೂ ಆಡಿರಲಿಲ್ಲ. ಈಗ ಎದ್ದು ಹೋಗಿ, ಅವಳನ್ನು ಈ ಕಡೆ ತಿರುಗಿಸಿ, ತುಟಿ ಕಾಣುವ ಹಾಗೆ ನಿಧಾನಕ್ಕೆ, ಹೂಂ ಅಮ್ಮ, ಮಾಡ್ತಾರೆ ಅಂತ ಹೇಳಬೇಕು.