ಗಾಲಿಯಿಂದ ಗಾಲ್

ಸೆಪ್ಟೆಂಬರ್ 14, ಬೆಳಿಗ್ಗೆ. ಶುಗರ್ ಲ್ಯಾಂಡ್

ವಾಕ್ ಮುಗಿಯಿತು. ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿದೆ. ಕಾಫಿ. ಆಮೇಲೆ ಗಾಲಿಷ್.

ಇವತ್ತಿನ ಪದ 'ಸುದಿಯಾ'. ಒಲೆಯ ಮಸಿ. ಯಾವ ಕಲ್ಲಿನ ಮೇಲೂ ಸಿಕ್ಕಿಲ್ಲ. ಮಸಿಗೆ ಫ್ರೆಂಚ್‌ನಲ್ಲಿರುವ ಪದದಿಂದ ಹಿಂದಕ್ಕೆ ನಡೆದು ಊಹಿಸಿದ್ದು. ಗಾಲಿಷ್ ಅಂದರೆ ಎರಡು ಸಾವಿರ ವರ್ಷದ ಹಿಂದೆ ಈಗಿನ ಫ್ರಾನ್ಸ್‌ನಲ್ಲಿ ಆಡುತ್ತಿದ್ದ ಭಾಷೆ. ಸತ್ತು ಎಷ್ಟೋ ಕಾಲವಾಯಿತು. ಮಸಿ ಮಾತ್ರ ಹೋಗಲಿಲ್ಲ. ಮಸಿ ಯಾವಾಗ ತಾನೇ ಸುಲಭಕ್ಕೆ ಹೋಗಿದೆ.

ರಿಟೈರ್ ಆದ ಮೇಲೆ ಜೊತೆಯ ಡಾಕ್ಟರುಗಳು ಗಾಲ್ಫ್ ಹಿಡಿದರು. ನಾನು ಇದನ್ನು ಹಿಡಿದೆ. ಮಗಳು ನಿಹಾರಿಕಾ ನಗುತ್ತಾಳೆ — "ಅಮ್ಮಾ, ಆ ಭಾಷೇಲಿ ಮಾತಾಡೋಕೆ ಒಬ್ರೂ ಇಲ್ವಲ್ಲ." ಅದೇ ಅನುಕೂಲ. ಯಾರೂ ಎದುರು ಮಾತಾಡಲ್ಲ.

ಅಷ್ಟರಲ್ಲಿ ಮರ್ಫಿ ಊರಿಂದ ಗುರವ್ವನವರ ಫೋನ್. ನಿಹಾರಿಕಾಳ ಅತ್ತೆ. "ಅಕ್ಕಾರ, ಇವರು ನಿಮಗೇನೋ ಕಳಿಸ್ಯಾರಂತ. ಲಗೂನ ನೋಡ್ರಿ. ಇಲ್ಲಾಂದ್ರ ನನ್ನ ಕುಂದ್ರಾಕ ಬಿಡಂಗಿಲ್ಲ."

ಇವರು ಅಂದರೆ ಬೀಗರು, ಚನ್ನವೀರಪ್ಪ. ನೋಡಿದೆ. ಆಸ್ಟಿನ್ ರಾಜ್ಯೋತ್ಸವಕ್ಕೆ ಅವರು ಬರೆದ ಭಾಷಣ. 'ಗಾಲಿಯಿಂದ ಗಾಲ್: ಫ್ರಾನ್ಸಿನಲ್ಲಿ ಕನ್ನಡ'. ಜೊತೆಗೆ ಒಂದು ಸಾಲು — "ನನಗ ದನಿ ಇಲ್ಲ. ನೀವು ಓದ್ರಿ."

ಸೆಪ್ಟೆಂಬರ್ 15

ಓದಿದೆ. ಅಯ್ಯೋ ದೇವರೇ.

ಗಾಲಿ ಕಂಡುಹಿಡಿದವರು ನಮ್ಮವರಂತೆ. ಫ್ರಾನ್ಸಿಗೆ ಹೋಗಿ ಗಾಡಿ ಓಡಿಸಿದರಂತೆ. ಅದಕ್ಕೇ ಆ ನಾಡಿಗೆ ಗಾಲ್ ಅಂತ ಹೆಸರು ಬಂತಂತೆ. ಗಾಲಿಷ್‌ನಲ್ಲಿ ಕೋಟೆಗೆ 'ಡೂನೋನ್' — ಅದು ನಮ್ಮ ದಿಣ್ಣೆ. ಸಮುದ್ರಕ್ಕೆ 'ಮೋರಿ' — ಅದು ನಮ್ಮ ಮೋರಿ. ಸಮುದ್ರ ಕಂಡು ಮೋರಿ ಅಂದವನು ಎಂಥ ಕನ್ನಡಿಗನಪ್ಪಾ!

ಒಂದೂ ನಿಲ್ಲುವುದಿಲ್ಲ. ಡೂನೋನ್‌ಗೆ ಐರಿಷ್‌ನಲ್ಲಿ, ಮೋರಿಗೆ ವೆಲ್ಷ್‌ನಲ್ಲಿ ಒಡಹುಟ್ಟಿದವರಿದ್ದಾರೆ. ಕನ್ನಡದ ಮನೆತನವೇ ಬೇರೆ.

ಈ ಥಿಯರಿ ಹೊಸದಲ್ಲ. ಇಪ್ಪತ್ತು ವರ್ಷದಿಂದ ಕೇಳಿದ್ದೇವೆ — ಗೃಹಪ್ರವೇಶದಲ್ಲಿ, ಸತ್ಯನಾರಾಯಣ ಪೂಜೆಯಲ್ಲಿ, ಪಾಟ್‌ಲಕ್‌ನಲ್ಲಿ. ಆಗ ಅವರ ಗಂಟಲು ಕಂಚಿನದು. ಫೆಬ್ರವರಿಯಲ್ಲಿ ಕ್ಯಾನ್ಸರ್ ಅಂತ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಬ್ಯಾಟರಿ ಡಬ್ಬಿ ಕೊಟ್ಟಿದ್ದಾರೆ. ಡ್ರಾಯರ್‌ನಲ್ಲಿದೆ. "ಅದು ರೋಬೋಟ್ ದನಿ, ನಾಲ್ಕು ಮಂದಿ ಮುಂದ ಹಿಡಿಯಂಗಿಲ್ಲ" ಅಂತ ಆಗಲೇ ಬರೆದು ತೋರಿಸಿದ್ದರು. ಫೋನಿನಲ್ಲಿ ಟೈಪ್ ಮಾಡುತ್ತಾರೆ, ಅಷ್ಟೆ. ನಾನು ಅನಸ್ತೇಶಿಯಾದವಳು. ಜೀವನವಿಡೀ ಜನರ ಧ್ವನಿತಂತುಗಳ ನಡುವೆ ಟ್ಯೂಬ್ ಇಳಿಸಿದವಳು. ಅವು ಇಲ್ಲದ ಮನುಷ್ಯನಿಗೆ 'ಓದಲ್ಲ' ಅನ್ನುವುದು ಹೇಗೆ?

ಓದಿದರೆ ನನ್ನ ದನಿಯಲ್ಲಿ ಸುಳ್ಳು ಹೇಳಿದ ಹಾಗೆ. ಓದದಿದ್ದರೆ ಅವರಿಗೆ ಬೇರೆ ದನಿ ಇಲ್ಲ. ಮೇಲಾಗಿ ಬೀಗರು. ಮದುವೆಯಲ್ಲಿ ಬೀಗರ ಪಂಕ್ತಿಗೆ ಹೋಳಿಗೆ ಎರಡನೇ ಸಲ ಬರಲಿಲ್ಲ ಅನ್ನುವುದನ್ನೇ ಇವತ್ತಿಗೂ ಕೇಳುತ್ತಿದ್ದೇನೆ.

ಸೆಪ್ಟೆಂಬರ್ 21, ಆಸ್ಟಿನ್

ಡ್ರೈವ್ ಮಾಡಿಕೊಂಡು ಮಗಳ ಮನೆಗೆ ಬಂದೆ. ಬೆನ್ನು ನೋವು.

ನಿಹಾರಿಕಾ: "ಸುಮ್ನೆ ಓದ್ಬಿಡಮ್ಮಾ. ಫ್ಯಾಷನ್ ಶೋ ಆದ್ಮೇಲೆ, ಅಂತಾಕ್ಷರಿಗೆ ಮುಂಚೆ. ಅಷ್ಟೊತ್ಗೆ ಎಲ್ರೂ ಬಿಸಿಬೇಳೆಬಾತ್ ಲೈನಲ್ಲಿ ಇರ್ತಾರೆ. ಯಾರು ಚೆಕ್ ಮಾಡ್ತಾರೆ?"

"ನಾನು ಮಾಡ್ತೀನಿ" ಅಂದೆ.

ಅಳಿಯ ಶ್ರೀಶೈಲ್ ಪಾತ್ರೆ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ. "ಅತ್ತಿ, ಅಪ್ಪ ಆಪರೇಷನ್ ಆದಾಗಿಂದ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ದರ್ರಿ. ಇದನ್ನ ಬರಿಯಾಕ ಅಂತ ಎದ್ದು ಕುಂತಾರ. ನೀವು ಬ್ಯಾಡ ಅಂದ್ರ ಮತ್ತ ಮಲಕೋತಾರ." ಅಷ್ಟು ಹೇಳಿ ಮತ್ತೆ ನಲ್ಲಿ ತಿರುಗಿಸಿದ.

ಮೊಮ್ಮಗಳು ಇಶಾ ತಟ್ಟೆ ಸರಿಸಿದಳು. "ಅಜ್ಜಿ, ಸಾಕು, ಐ ಆಮ್ ಫುಲ್." ಇಂಗ್ಲಿಷಿನ ಮಧ್ಯೆ ಕನ್ನಡದ ಒಂದು 'ಸಾಕು'.

ಸೆಪ್ಟೆಂಬರ್ 23

ಬೀಗರಿಗೆ ಮೆತ್ತಗೆ ಬರೆದೆ. ಮೋರಿ ಮಾತ್ರ ಎತ್ತಿದೆ.

ತಕ್ಷಣ ಉತ್ತರ: "ಆತು, ಮೋರಿ ತಗೀರಿ. ದಿಣ್ಣಿ ಇರಲಿ."

ದಿಣ್ಣೆಯೂ ಆಗಲ್ಲ ಅಂದೆ. "ದಿಣ್ಣಿ ತಗೀರಿ, ಗಾಲಿ ಇರಲಿ." ಪದಗಳೋ ಸೊಪ್ಪಿನ ಕಟ್ಟೋ! ಗಾಲಿಯೂ ಆಗಲ್ಲ ಬೀಗರೇ ಅಂತ ಬರೆದೆ.

"ನೀವು ಮೈಸೂರು ಮಂದಿಗೆ ನಮ್ಮ ಕನ್ನಡದ ಮ್ಯಾಲೆ ಮೊದಲಿಂದನೂ ಅನುಮಾನ."

ಮೈಸೂರಿಗೂ ಮೋರಿಗೂ ಏನ್ರೀ ಸಂಬಂಧ — ಅಂತ ಟೈಪ್ ಮಾಡಿದೆ. ಅಳಿಸಿದೆ. ಸಿಟ್ಟು ಇಳಿಯಲಿಲ್ಲ. ಫ್ರಿಜ್ ಕ್ಲೀನ್ ಮಾಡಿದೆ.

ಅಕ್ಟೋಬರ್ 2

ಇಷ್ಟು ದಿನ ಮಾತಿಲ್ಲ. ಇವತ್ತು ಬಂತು: "ನಾ ಎಂಜಿನಿಯರ್. ಮಾತು ಬ್ಯಾಡ. ಲೆಕ್ಕ ತೋರಸ್ರಿ."

ತೋರಿಸೋಣ. ದಕ್ಷಿಣ ಫ್ರಾನ್ಸ್‌ನಲ್ಲಿ ಕುಂಬಾರರ ಹಳ್ಳಿ. ಹಲವರ ಮಡಕೆ ಒಂದೇ ಭಟ್ಟಿಯಲ್ಲಿ ಬೇಯುತ್ತಿದ್ದವು. ಯಾರದು ಎಷ್ಟು, ಇದು ಎಷ್ಟನೇ ಸಲದ ಭಟ್ಟಿ ಅಂತ ತಟ್ಟೆಯ ಮೇಲೆ ಗೀಚಿಟ್ಟಿದ್ದಾರೆ. ಅದರಿಂದಲೇ ಗಾಲಿಷ್‌ನ ಮೊದಲನೆಯದು, ಎರಡನೆಯದು, ಹತ್ತನೆಯದು ನಮಗೆ ಗೊತ್ತು. ಮೂರನೆಯದು 'ತ್ರಿತೋಸ್', ಹತ್ತನೆಯದು 'ಡೆಕಮೆಟೋಸ್'. ಸಂಸ್ಕೃತದ ತೃತೀಯ, ದಶಮಕ್ಕೆ ದೂರದ ದಾಯಾದಿಗಳು. ನಮ್ಮ ಮೂರು, ಹತ್ತು ಎಲ್ಲಿ?

ಪೂರ್ತಿ ಕಳಿಸಿದೆ. "ಪಕ್ಕದಲ್ಲಿ ಕನ್ನಡದ ಅಂಕಿ ನೀವೇ ಬರೆದು ನೋಡಿ" ಅಂದೆ.

ಅಕ್ಟೋಬರ್ 3

ಎರಡು ನೀಲಿ ಟಿಕ್. ಓದಿದ್ದಾರೆ. ಉತ್ತರ ಇಲ್ಲ.

ಅಕ್ಟೋಬರ್ 19

ಗುರವ್ವನವರ ಫೋನ್. ಸಿಟ್ಟಲ್ಲಿದ್ದರು. "ಏನ್ ಕಳಿಸಿದ್ರಿ ನೀವು? ದಸರಾ ದಿನಾನೂ ಹೋಳಿಗಿ ಮುಟ್ಟಲಿಲ್ಲ. ಮತ್ತ ಗ್ವಾಡಿ ಕಡೆ ಮುಖ. ಅಲ್ಲಕ್ಕಾರ, ಯಾವ್ದೋ ದೇಶದ ಸತ್ತ ಭಾಷಾದ ಸಲುವಾಗಿ ನಮ್ಮ ಮನ್ಯಾಗ ಇದೇನ್ರಿ?"

ನಾಚಿಕೆಯಾಯಿತು. ಭಯವೂ ಆಯಿತು. ನಾಳೆ ಬರ್ತೀನಿ ಅಂದೆ.

ಅಕ್ಟೋಬರ್ 20, ಮರ್ಫಿ

ದಾರಿಯುದ್ದಕ್ಕೂ ಲಾರಿಗಳು. ಓದಿಬಿಡುತ್ತೇನೆ, ಮೋರಿ ಸಮೇತ ಓದಿಬಿಡುತ್ತೇನೆ ಅಂತ ತೀರ್ಮಾನ ಮಾಡಿಕೊಂಡೇ ಬಂದೆ.

ಚನ್ನವೀರಪ್ಪನವರು ಸೋಫಾದಲ್ಲಿ ಕೂತಿದ್ದರು. ಇಳಿದುಹೋಗಿದ್ದಾರೆ. ಕತ್ತಿನ ತೂತಿಗೆ ಬಿಳಿ ಬಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಫೋನ್ ಎತ್ತಿ ತೋರಿಸಿದರು.

"ಹತ್ತು ಅಂಕ್ಯಾಗ ಒಂದೂ ಕೂಡಲಿಲ್ಲ."

ಮತ್ತೆ ಟೈಪ್ ಮಾಡಿದರು. "ನಮ್ಮ ಭಾಷಾ ಆವಾಗ ಅಷ್ಟು ದೂರ ಹೋಗಿ ಬದುಕಿತ್ತಂದ್ರ, ನಮ್ಮ ಕೂಡ ಇಲ್ಲೀತನಾ ಬಂದ ಕನ್ನಡನೂ ಉಳೀತದ ಅಂತ ನನಗ ಆಶಾ ಇತ್ತು." ಇಪ್ಪತ್ತು ವರ್ಷ ಇದನ್ನು ಜಂಭ ಅಂದುಕೊಂಡಿದ್ದೆ.

"ಅದು ಸತ್ತದ್ದು ಹೆಂಗ?"

ಹೇಳಿದೆ. ಇಷ್ಟೇ ಕಾರಣ ಅಂತ ಯಾರಿಗೂ ಖಾತ್ರಿ ಇಲ್ಲ. ಕಚೇರಿ, ಪೇಟೆ, ಸೈನ್ಯ ಎಲ್ಲ ಲ್ಯಾಟಿನ್ ಆಯಿತು. ಅಪ್ಪ ಅಮ್ಮ ಗಾಲಿಷ್‌ನಲ್ಲಿ ಕೇಳಿದ್ದಕ್ಕೆ ಮಕ್ಕಳು ಲ್ಯಾಟಿನ್‌ನಲ್ಲಿ ಉತ್ತರ ಕೊಟ್ಟಿರಬೇಕು.

"ಇಶಾನಂಗ" ಅಂತ ಬರೆದರು. "ಉಳಿದದ್ದು ಏನು?"

ಫ್ರೆಂಚ್‌ನೊಳಗೆ ಅಡಗಿ ಉಳಿದವನ್ನು ಹೇಳಿದೆ. ಮಸಿ. ಕೆಸರು. ಟಗರು. ಜೇನುಗೂಡು. ಪಾತ್ರೆಯ ತಳದ ಗಷ್ಟು. ಒಂದು ಹಕ್ಕಿ, ಹೊಲದಿಂದ ಮೇಲೇರಿ ಹಾಡುವಂಥದು. ಇಂಗ್ಲಿಷಿಗೂ ಒಂದು ಹೋಗಿದೆ: 'ಕಾರ್' ಅನ್ನುವುದು ಗಾಡಿಗೆ ಅವರಲ್ಲಿದ್ದ ಪದದಿಂದ ಬಂದದ್ದು, ನಾನು ಓಡಿಸಿಕೊಂಡು ಬಂದದ್ದೂ ಅದೇ.

ಅವರ ಮುಖದಲ್ಲಿ ಮೊದಲ ಸಲ ಬೆಳಕು. "ರಾಜಾನ ಮಾತು ಹೋಗಿ ಒಲಿ ಮಾತು ಉಳೀತು ಅನ್ರಿ."

ಅಡುಗೆಮನೆಯಿಂದ ಗುರವ್ವ: "ಅಂದ್ರ ಉಳಿಸಿದವರು ನಾವು ಹೆಣ್ಮಕ್ಕಳಽ ಅನ್ರಿ!"

ಬೀಗರು ಎರಡು ರೊಟ್ಟಿ ಉಂಡರು. ಶೇಂಗಾ ಚಟ್ನಿ ಇನ್ನಷ್ಟು ಬೇಕು ಅಂತ ಕೈಸನ್ನೆ ಮಾಡಿದರು. ಗುರವ್ವ ನನ್ನ ತಟ್ಟೆಗೂ ಒಂದು ರೊಟ್ಟಿ ಎಸೆದರು. ಸಿಟ್ಟು ಹೋಗಿದೆ ಅಂತ ಲೆಕ್ಕ.

ನವೆಂಬರ್ 3

ಹೊಸ ಭಾಷಣ ಬಂತು. ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಕುಂಬಾರರು, ಮಸಿ, ಇಶಾಳ 'ಸಾಕು', ಎಲ್ಲ ಇದೆ. ಆದರೆ ಹಳೇ ಥಿಯರಿ ತಪ್ಪು ಅನ್ನುವ ಮಾತು ಎಲ್ಲೂ ಇಲ್ಲ. ನಾಲ್ಕನೇ ಪುಟದ ಕೊನೆಗೆ 'ಇಪ್ಪತ್ತು ವರ್ಷದಿಂದ ನಾನು ಮನೆಮನೆಯಲ್ಲಿ ಹೇಳುತ್ತ ಬಂದ ಒಂದು ಮಾತಿದೆ' ಅಂತ ಇದೆ. ಅದರ ಕೆಳಗೆ — 'ಇಲ್ಲಿ ನಿಲ್ಲಸ್ರಿ.'

ಯಾಕೆ ಅಂದೆ.

"ನಿಲ್ಲಸ್ರಿ ಅಂದ್ರ ನಿಲ್ಲಸ್ರಿ."

ಕಮಿಟಿಯ ನಂದಕುಮಾರ್‌ಗೆ ಫೋನ್ ಮಾಡಿ ಶೀರ್ಷಿಕೆ ಬದಲಾಯಿಸಿ ಅಂದೆ. "ಅಯ್ಯೋ ಮೇಡಂ, ಫ್ಲೈಯರ್ ಎಲ್ಲ ಗ್ರೂಪ್‌ಗೂ ಹೋಗ್ಬಿಟ್ಟಿದೆ. ಸಖತ್ ರೆಸ್ಪಾನ್ಸ್. ಫ್ರಾನ್ಸ್ ನಮ್ದೇ ಅಂತ ಜನ ಫುಲ್ ಜೋಶ್‌ನಲ್ಲಿದಾರೆ!"

ನಾನೇ ವೇದಿಕೆ ಮೇಲೆ 'ಅವರ ಥಿಯರಿ ತಪ್ಪು' ಅನ್ನಬೇಕೋ? ಬೀಗರ ಎದುರಿಗೆ? ನಿದ್ದೆ ಸರಿಯಿಲ್ಲ.

ನವೆಂಬರ್ 10, ಆಸ್ಟಿನ್

ನಿನ್ನೆಯ ರಾಜ್ಯೋತ್ಸವದ್ದು ಬರೆಯಬೇಕು.

ಸ್ಕೂಲಿನ ಹಾಲ್ ತುಂಬಿತ್ತು. ನಂದಕುಮಾರ್ ಮೈಕ್ ಹಿಡಿದು "ಫ್ರೆಂಚರಿಗೆ ಭಾಷೆ ಕಲಿಸಿದ್ದೇ ನಾವು, ಅದನ್ನ ಸಾಬೀತು ಮಾಡಿದ ಹಿರಿಯರು" ಅಂದರು. ಶಿಳ್ಳೆ, ಚಪ್ಪಾಳೆ. ಬೀಗರಿಗೆ ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟರು. ಅವರು ಕೈ ಮುಗಿದು ಮೊದಲ ಸಾಲಿನಲ್ಲಿ ಕೂತರು. ಪೇಟ ಸ್ವಲ್ಪ ದೊಡ್ಡದು, ಕಿವಿಯ ಮೇಲೆ ಇಳಿದಿತ್ತು. ಮುಖ ಅರಳಿತ್ತು. ದೇವರಾಣೆ, ಆ ಕ್ಷಣ ನಾನು ಏನೂ ಬೇಡ, ಗಾಲಿಯೇ ಇರಲಿ ಅಂದುಕೊಂಡೆ.

ಓದಿದೆ. ಕುಂಬಾರರು ಬಂದಾಗ ಜನ ಕೇಳಿಸಿಕೊಂಡರು. ನಾಲ್ಕನೇ ಪುಟ. 'ಒಂದು ಮಾತಿದೆ'. ನಿಲ್ಲಿಸಿದೆ.

ಬೀಗರು ಎದ್ದರು. ಗುರವ್ವ ವ್ಯಾನಿಟಿ ಬ್ಯಾಗಿನಿಂದ ಆ ಬ್ಯಾಟರಿ ಡಬ್ಬಿ ತೆಗೆದುಕೊಟ್ಟರು. ಕೆಳಗಿಳಿದು ಅವರ ಬಾಯಿಗೆ ಮೈಕ್ ಹಿಡಿದವಳೂ ನಾನೇ. ಅವರು ಡಬ್ಬಿಯನ್ನು ಕತ್ತಿಗೆ ಒತ್ತಿಕೊಂಡರು. ಝರ್ ಅಂತ ಸದ್ದು, ಅದರೊಳಗಿಂದ ಮಾತು, ಏರಿಳಿತವಿಲ್ಲದೆ:

"ಗಾಲಿಯಿಂದ ಗಾಲ್ ಬಂದಿಲ್ರಿ. ನಾ ಹೇಳಿದ್ದು ತಪ್ಪು. ಲೆಕ್ಕ ಮಾಡಿ ನೋಡೇನಿ. ಇದನ್ನ ಇನ್ನೊಬ್ಬರ ದನ್ಯಾಗ ಹೇಳಸೋದು ಚಂದ ಅಲ್ಲ, ಅದಕ್ಕ ನಾನಽ ಬಂದೆ."

ಹಿಂದೆ ಯಾವುದೋ ಪುಟ್ಟ ಮಗು ಆ ದನಿಗೆ ಕಿಸಕ್ಕನೆ ನಕ್ಕಿತು. ಬೀಗರೂ ನಕ್ಕರು. ಈಗ ಅವರ ನಗುವಿಗೆ ಸದ್ದಿಲ್ಲ, ಭುಜ ಮಾತ್ರ ಕುಣಿಯಿತು. ಪೇಟ ತೆಗೆದು ಗುರವ್ವನ ತೊಡೆಯ ಮೇಲಿಟ್ಟು, ಓದ್ರಿ ಅಂತ ನನಗೆ ಸನ್ನೆ ಮಾಡಿ ಕೂತರು.

ಐದನೇ ಪುಟಕ್ಕೆ ನನಗೆ ಅಳು ಬಂತು. ಅತ್ತೆ. ಅಷ್ಟು ಜನರ ಮುಂದೆ ಅತ್ತೆ. ಮೂಗು ಒರೆಸಿಕೊಂಡು ಪೂರ್ತಿ ಓದಿದೆ. ಚಪ್ಪಾಳೆ ಮೊದಲಿನಷ್ಟು ಬರಲಿಲ್ಲ. ನಂದಕುಮಾರ್ ಅಂತಾಕ್ಷರಿ ಶುರು ಮಾಡಿಸಿದರು. ಶ್ರೀಶೈಲ್ ಮಾತ್ರ ಊಟದ ಲೈನಿಗೆ ಹೋಗದೆ ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತಿದ್ದ.

ನವೆಂಬರ್ 12, ಬೆಳಿಗ್ಗೆ. ಶುಗರ್ ಲ್ಯಾಂಡ್

ವಾಕ್. ಇವತ್ತು ಸ್ವೆಟರ್ ಬೇಕಾಯಿತು. ಕಾಫಿ. ಇವತ್ತಿನ ಪದ ಕೆಸರು.

ಫೋನ್ ಟಣ್ ಅಂತು. ಮರ್ಫಿ. ಬೀಗರು. ಟೈಪ್ ಮಾಡಿದ್ದಲ್ಲ, ವಾಯ್ಸ್ ಮೆಸೇಜ್! ಎರಡು ಸಲ ನೋಡಿದೆ. ಒತ್ತಿದೆ. ಝರ್…

"ಅಕ್ಕಾರ. ಗಾಲಿಷ್ ಬಿಡ್ರಿ. ಎಟ್ರುಸ್ಕನ್ ಅಂತ ಇನ್ನೊಂದು ಸತ್ತ ಭಾಷಾ ಐತಿ. ಅದರ ಸಂಬಂಧಿಕರು ಯಾರಂತ ಯಾರಿಗೂ ಗೊತ್ತಿಲ್ಲಂತ. ನನಗ ಅನಸ್ತದ, ಅದು ನಮ್ಮದು."

ಕಾಫಿ ನೆತ್ತಿಗೇರಿತು. ಬೇಡ ಬೀಗರೇ, ಕೈ ಮುಗೀತೀನಿ ಅಂತ ಟೈಪ್ ಮಾಡಿದೆ. ಅಳಿಸಿದೆ. ಮೈಕ್ ಒತ್ತಿ ಹಿಡಿದು, "ಬೀಗರೇ, ಮಾತು ಬೇಡ, ಮೊದಲು ಲೆಕ್ಕ ತೋರಿಸಿ" ಅಂದೆ. ಕಳಿಸಿ ಇನ್ನೂ ಲೋಟ ಎತ್ತಿಲ್ಲ, ಆಗಲೇ ಮತ್ತೆ ಝರ್ —